ಜೋಗ ಬಿಟ್ಟು ಗಾಂಧಿ ಪಾರ್ಕ್ ಸುತ್ತಿದ ಡಿಸೆಂಬರ್

ಗುರುವಾರ

ಶಿವಮೊಗ್ಗಕ್ಕೆ ಕ್ಯಾಮೆರಾ ತಗೊಂಡು ಹೊರಟೆ ಅಂದರೆ ಬೆಂಗಳೂರಿನಲ್ಲಿ ಎಲ್ಲರೂ ಕೇಳುವುದು ಒಂದೇ. ಜೋಗಕ್ಕಾ, ಆಗುಂಬೆಗಾ? ಎರಡಕ್ಕೂ ಅಲ್ಲ, ಗಾಂಧಿ ಪಾರ್ಕಿಗೆ ಅಂದರೆ ಒಂದು ಥರಾ ನೋಡುತ್ತಾರೆ.

ಡಿಸೆಂಬರಿನಲ್ಲಿ ಜೋಗದಲ್ಲಿ ಬಂಡೆ ಜಾಸ್ತಿ, ನೀರು ಕಡಿಮೆ. ಶರಾವತಿಯ ನೀರೆಲ್ಲ ಮೇಲೆ ಲಿಂಗನಮಕ್ಕಿಯಲ್ಲಿ ನಿಂತಿರುತ್ತದೆ. 830 ಅಡಿಯಿಂದ ಧೋ ಅಂತ ಬೀಳುವುದನ್ನು ನೋಡಬೇಕಾದರೆ ಮಳೆಗಾಲದಲ್ಲೇ ಹೋಗಬೇಕು. ಹೋದರೂ ಸಿಗುವುದು ಎಲ್ಲರ ಫೋನಿನಲ್ಲೂ ಇರುವ ಅದೇ ಫೋಟೊ. ಅದೇ ಕಂಬಿ, ಅದೇ ಕೋನ. ಈ ಸಲ ಬೇಡ ಅನ್ನಿಸಿತು.

ಅಸಲಿ ಕಾರಣ ಭಾವ. ಅವರಿಗೆ ಮಂಡಿ ಆಪರೇಷನ್ ಆಗಿದೆ. ದಿನಾ ನಡೀಲೇಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಅಕ್ಕನಿಗೆ ಬೆಳಿಗ್ಗೆ ತಿಂಡಿ, ಮಕ್ಕಳ ಡಬ್ಬಿ. ಹಾಗಾಗಿ ನಾನಿರುವಷ್ಟು ದಿನ ಭಾವನ ವಾಕಿಂಗ್ ನನ್ನ ಪಾಲಿಗೆ ಬಂತು. ಅವರು ಒಂದು ಸುತ್ತು ನಡೆದು ಬೆಂಚಿನಲ್ಲಿ ಕೂತಾಗ ನಾನು ಕ್ಯಾಮೆರಾ ತೆಗೆಯಬಹುದು. ಒಳ್ಳೇ ಒಪ್ಪಂದವೇ.

ತಾಳಗುಪ್ಪ ರೈಲು ಟೌನ್ ಸ್ಟೇಷನ್‌ಗೆ ಬಂದಾಗ ಇನ್ನೂ ಕತ್ತಲು. ಅಕ್ಕನ ಮನೆಯಲ್ಲಿ ಕಾಫಿ ಕುಡಿದು, ಸ್ವೆಟರ್ ಹಾಕ್ಕೊಂಡು ಹೊರಟೆವು. ಈ ಕಾಲದಲ್ಲಿ ಇಲ್ಲಿ ಸೂರ್ಯ ಹುಟ್ಟುವುದೇ ಆರೂ ಮುಕ್ಕಾಲರ ಸುಮಾರಿಗೆ. ಮರಗಳ ತಲೆ ದಾಟಿ ಬಿಸಿಲು ಪಾರ್ಕಿನ ದಾರಿಗೆ ಇಳಿಯುವಾಗ ಏಳೂ ಕಾಲು ಆಗಿರುತ್ತದೆ. ಅಷ್ಟರಲ್ಲಿ ಅರ್ಧ ವಾಕಿಂಗ್‌ನವರು ಮನೆಗೆ ಹೋಗಿ ಆಗಿರುತ್ತದೆ.

ತಂದದ್ದು ಒಂದೇ ಲೆನ್ಸ್, 35 ಎಂಎಂ. ಝೂಮ್ ಇಲ್ಲ. ಪಾರ್ಕಿನಲ್ಲಿ ಉದ್ದ ಲೆನ್ಸ್ ಹಾಕಿ ದೂರದ ಬೆಂಚಿನವರನ್ನು ಹಿಡಿಯುವುದು ನನಗೆ ಸರಿ ಬರುವುದಿಲ್ಲ. ಅದು ಕಿಟಕಿ ಸಂದಿಯಿಂದ ಇಣುಕುವ ಕೆಲಸವೇ. ಚಿಕ್ಕ ಲೆನ್ಸಿನಲ್ಲಿ ಮುಖ ಸರಿಯಾಗಿ ಬರಬೇಕಾದರೆ ಎರಡು ಮಾರು ಹತ್ತಿರ ಹೋಗಬೇಕು. ಅಷ್ಟು ಹತ್ತಿರ ಹೋದ ಮೇಲೆ ಮಾತಾಡಿಸದೇ ಇರುವುದಕ್ಕೆ ಆಗುವುದಿಲ್ಲ.

ಮಾತು ಅವರೇ ಶುರು ಮಾಡಿದರು. ಮಂಕಿ ಕ್ಯಾಪ್ ಹಾಕಿದ ಹಿರಿಯರ ಗುಂಪು, ಭಾವನ ವಾಕಿಂಗ್ ಸ್ನೇಹಿತರು.

"ಯಾವ ಪೇಪರಮ್ಮಾ?"

"ಪೇಪರ್ ಅಲ್ಲ ಸರ್, ಸುಮ್ನೆ ತೆಗೀತಿದೀನಿ."

"ಸುಮ್ನೆ ಯಾರಾದ್ರೂ ಅಷ್ಟು ದೊಡ್ಡ ಕ್ಯಾಮೆರಾ ತರ್ತಾರಾ? ಇರಲಿ, ನಮ್ಮದೊಂದು ಗ್ರೂಪ್ ತೆಗಿ."

ತಕ್ಷಣ ಎಲ್ಲರೂ ಎದ್ದರು. ಮಂಕಿ ಕ್ಯಾಪ್‌ಗಳು ಜೇಬಿಗೆ ಹೋದವು. ಒಬ್ಬರು ಬಾಚಣಿಗೆ ತೆಗೆದರು, ಅದು ಕೈಯಿಂದ ಕೈಗೆ ಸಾಗಿ ಎಲ್ಲರ ತಲೆ ಮುಗಿಸಿಕೊಂಡು ವಾಪಸ್ ಬಂತು. ರಿಟೈರ್‌ಮೆಂಟ್ ದಿನದ ಗ್ರೂಪ್ ಫೋಟೊದ ಥರ ಕೈ ಕಟ್ಟಿ ಸಾಲಾಗಿ ನಿಂತರು. ನಗಿಸಿದರೂ ನಗಲಿಲ್ಲ. ನಾನು ಬಯಸಿದ್ದು ಬಾಚಣಿಗೆ ದಾಟುತ್ತಿದ್ದ ಫೋಟೊ, ಅದೂ ಸಿಕ್ಕಿತ್ತು. ಅವರಿಗೆ ಬೇಕಾದದ್ದು ಕೈ ಕಟ್ಟಿ ನಿಂತದ್ದು, ಅದನ್ನೂ ತೆಗೆದೆ.

ಶುಕ್ರವಾರ

ಇವತ್ತು ಬೇಗ ಹೋದೆವು. ಒಳಗೆ ಕಾಲಿಟ್ಟಾಗ ಮೊದಲು ಕೇಳಿದ್ದು ಕಡ್ಡಿ ಪೊರಕೆಯ ಸದ್ದು. ಆಮೇಲೆ ಕುಟ್ರುಹಕ್ಕಿ.

ಪಾರ್ಕ್ ಫೋಟೊ ತೆಗೆಯುವವರೆಲ್ಲ ಕನಸು ಕಾಣುವ ಒಂದು ದೃಶ್ಯವಿದೆ. ಗುಡಿಸುವವರ ಸುತ್ತ ಧೂಳು ಎದ್ದು, ಅದರೊಳಗೆ ಬಿಸಿಲು ಕೋಲು ಕೋಲಾಗಿ ಇಳಿಯುವುದು. ನನಗೂ ಆಸೆ ಇತ್ತು. ಗುಡಿಸುತ್ತಿದ್ದ ಹೆಂಗಸಿನ ಹತ್ತಿರ ಹೋಗಿ ಬಿಸಿಲು ಬರುವಾಗ ಯಾವ ಕಡೆ ಗುಡಿಸ್ತೀರಿ ಅಂತ ಕೇಳಿದೆ.

"ಬಿಸಿಲು ಬರೋ ಹೊತ್ತಿಗೆ ನನ್ನ ಕೆಲಸ ಮುಗಿದಿರುತ್ತೆ ಅಕ್ಕ. ಆಮೇಲೆ ಗುಡಿಸಿದ್ರೆ ವಾಕಿಂಗ್‌ನೋರು ಬೈತಾರೆ, ಮೂಗಿಗೆ ಧೂಳು ಅಂತ."

ಅಲ್ಲಿಗೆ ಧೂಳು ಬಿಸಿಲಿನ ಫೋಟೊ ಮುಗಿಯಿತು. ನನಗೋಸ್ಕರ ಒಂದು ಸಲ ಗುಡಿಸಿ ಅಂತ ಹೇಳಬಹುದಿತ್ತು. ಕೆಲವರು ಹೇಳುತ್ತಾರೆ, ದುಡ್ಡೂ ಕೊಡುತ್ತಾರೆ. ಆದರೆ ಅದು ಶೂಟಿಂಗ್ ಆಗುತ್ತದೆ. ಅವರ ಬೆಳಿಗ್ಗೆ ಹಾಗಿಲ್ಲ.

ಅವರ ಬೆಳಿಗ್ಗೆ ಹೇಗಿದೆ ಅಂತ ನೋಡುತ್ತಾ ಹಿಂದೆ ಹಿಂದೆ ನಡೆದೆ. ಆಗ ಕಂಡದ್ದು ಹಾಳೆ. ಎಲೆ ರಾಶಿ ಎತ್ತುವುದಕ್ಕೆ ಅವರ ಹತ್ತಿರ ಪ್ಲಾಸ್ಟಿಕ್ ಮೊರ ಇರಲಿಲ್ಲ. ಒಂದು ಒಣ ಅಡಿಕೆ ಹಾಳೆ ಇತ್ತು, ಅಡಿಕೆ ಸೋಗೆಯ ಬುಡದಲ್ಲಿರುವ ಅಗಲದ ಪಟ್ಟೆ. ಅಗಲದ ತುದಿಯನ್ನು ನೆಲಕ್ಕೆ ತಾಗಿಸಿ, ಅಂಚಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿಯುತ್ತಿದ್ದರು. ಪೊರಕೆಯಿಂದ ನಾಲ್ಕು ಸಲ ಎಳೆದರೆ ರಾಶಿ ಒಳಗೆ. ಹಾಳೆಯ ಎರಡೂ ಅಂಚು ತಾನಾಗಿ ಒಳಕ್ಕೆ ಬಾಗಿರುತ್ತದಲ್ಲ, ಎಲೆ ಪಕ್ಕಕ್ಕೆ ಚೆಲ್ಲುವುದಿಲ್ಲ. ಎತ್ತಿ ಗಾಡಿಗೆ ಸುರಿದರೆ ಒಂದು ಎಲೆಯೂ ಅಂಟಿಕೊಳ್ಳುವುದಿಲ್ಲ. ಒಳಮೈ ಅಷ್ಟು ನುಣುಪು.

"ತೀರ್ಥಹಳ್ಳಿ ಕಡೆಯಿಂದ ನಮ್ಮ ಅತ್ತಿಗೆ ತಂದುಕೊಡ್ತಾಳೆ. ಪ್ಲಾಸ್ಟಿಕ್‌ದು ತುದಿ ಬೇಗ ಸೀಳುತ್ತೆ. ಇದು ಸೀಳಿದ್ರೆ ಎಸೆದು ಇನ್ನೊಂದು ತಗೊಳೋದು, ದುಡ್ಡೇನು ಕೊಡಬೇಕಾ?" ಅಂದರು. ಹಾಳೆ ಒಣಗಿ ಗಡುಸಾದರೆ ರಾತ್ರಿ ನೀರು ಚಿಮುಕಿಸಿ ಇಡುತ್ತಾರಂತೆ. ನೆನೆದ ಹಾಳೆ ಮೆತ್ತಗಾಗಿ ಹೇಳಿದ ಹಾಗೆ ಬಾಗುತ್ತದೆ. ಮಲೆನಾಡಿನ ತೋಟದ ಮನೆಗಳಲ್ಲಿ ಇದೇ ಗುಣ ನಂಬಿ ಟೊಪ್ಪಿ ಮಾಡುತ್ತಾರೆ, ಈಗ ಯಂತ್ರದಲ್ಲಿ ಒತ್ತಿ ತಟ್ಟೆಯನ್ನೂ ಮಾಡುತ್ತಾರೆ.

"ಫೋಟೊ ತೆಗೀಲಾ?"

"ತೆಗೀರಿ. ಮುಖ ಮಾತ್ರ ಬೇಡ, ಇವತ್ತು ತಲೆ ಬಾಚಿಲ್ಲ."

ಬೆಳಕು ತೀರಾ ಕಡಿಮೆ. ಲೆನ್ಸಿನ ಬಾಯಿ ಅಗಲಿಸಿ ಎಫ್ 2, ಬೆಳಕು ಹಿಡಿಯುವ ಶಕ್ತಿ ಏರಿಸಿ ಐಎಸ್ಒ 3200, ಶಟರ್ ಸೆಕೆಂಡಿನ 1/30. ಆ ವೇಗಕ್ಕೆ ಪೊರಕೆ ಪೂರ್ತಿ ಮಸುಕು, ಎಲೆಗಳು ಗೆರೆ ಗೆರೆ. ಆದರೆ ನೆಲಕ್ಕೆ ಒತ್ತಿದ ಹಾಳೆ, ಅದರ ಮೇಲಿನ ಹೆಬ್ಬೆರಳು, ಉಗುರಿನ ಸಂದಿಯ ಮಣ್ಣು, ಹಸಿರು ಗಾಜಿನ ಬಳೆ ಎಲ್ಲ ಖಡಕ್ಕಾಗಿ ಬಂದವು. ಕೆಲಸ ಎಲ್ಲಿ ನಡೆಯುತ್ತಿದೆ, ಹಿಡಿತ ಎಲ್ಲಿದೆ ಅಂತ ಕ್ಯಾಮೆರಾವೇ ಬೇರೆ ಮಾಡಿ ತೋರಿಸಿತು. ಧೂಳು ಬಿಸಿಲು ಸಿಗದಿದ್ದದ್ದೇ ಒಳ್ಳೆಯದಾಯಿತು.

ಭಾವನಿಗೆ ತೋರಿಸಿದೆ. "ಅಲ್ಲ ಮಾರಾಯ್ತಿ, ನಮ್ಮ ಮನೆ ಅಟ್ಟದಲ್ಲಿ ಇಂಥ ಹಾಳೆ ಕಟ್ಟುಗಟ್ಟಲೆ ಇದ್ವು. ಅದನ್ನ ತೆಗೆಯೋಕೆ ಬೆಂಗಳೂರಿಂದ ಬರಬೇಕಿತ್ತಾ?" ಅಂದರು. ಆದರೂ ಇನ್ನೊಂದು ಸಲ ಕ್ಯಾಮೆರಾ ಈಸಿಕೊಂಡು ನೋಡಿದರು.

ಶನಿವಾರ

ಮಂಜು. ಮನೆ ಗೇಟಿನಿಂದ ಎದುರುಮನೆ ಕಾಣುತ್ತಿರಲಿಲ್ಲ. ಭಾವನಿಗೆ ಇವತ್ತು ಮಂಡಿ ಬಿಗಿದಿತ್ತು, ಒಬ್ಬಳೇ ಹೊರಟೆ.

ಮಂಜಿನ ದಿನ ಕ್ಯಾಮೆರಾ ಹೇಳಿದ್ದನ್ನು ನಂಬಬಾರದು. ಅದು ಎದುರಿಗೆ ಏನಿದ್ದರೂ ಒಂದು ಮಧ್ಯಮ ಬೂದು ಬಣ್ಣದ ಲೆಕ್ಕ ಹಿಡಿದು ಬೆಳಕು ಅಳೆಯುತ್ತದೆ. ಬೆಳ್ಳಗಿನ ಮಂಜನ್ನು ಅದರ ಪಾಡಿಗೆ ಬಿಟ್ಟರೆ ಬೂದಿ ಬಣ್ಣಕ್ಕೆ ಇಳಿಸುತ್ತದೆ. ಎಕ್ಸ್‌ಪೋಷರ್, ಅಂದರೆ ಫೋಟೊಗೆ ಬಿಡುವ ಬೆಳಕು, ಒಂದು ಪಾಯಿಂಟ್ ಮೇಲೆ ಏರಿಸಿದರೆ ಬಿಳಿ ಬಿಳಿಯಾಗಿ ಉಳಿಯುತ್ತದೆ. ಫೋನಿನಲ್ಲೂ ಅಷ್ಟೇ, ಪರದೆ ಮೇಲೆ ಬೆರಳಿಟ್ಟು ಮೇಲಕ್ಕೆ ಎಳೆದರೆ ಆಯಿತು.

ಪಾರ್ಕಿನ ಮಳೆಮರ ನೋಡಿದರೆ ಎಲೆಯೇ ಕಡಿಮೆ ಆದ ಹಾಗಿತ್ತು. ಉದುರಿದ್ದಲ್ಲ, ಮಡಚಿಕೊಂಡಿದ್ದು. ಮಳೆಮರದ ಎಲೆಗಳು ಕತ್ತಲಾದಾಗ, ಮೋಡ ಕವಿದಾಗ ಜೋಡಿ ಜೋಡಿಯಾಗಿ ಮುಚ್ಚಿಕೊಳ್ಳುತ್ತವೆ. ಬೆಳಕು ಬಂದರೆ ಬಿಚ್ಚುತ್ತವೆ. ದಕ್ಷಿಣ ಅಮೆರಿಕದ ಕಡೆಯಿಂದ ಬಂದ ಮರ, ನಮ್ಮ ಊರುಗಳ ದಾರಿಬದಿಯನ್ನೆಲ್ಲ ಹಿಡಿದು ಕೂತಿದೆ. ಇವತ್ತು ಮಂಜಿನಿಂದಾಗಿ ತಡವಾಗಿ ಏಳುತ್ತಿತ್ತು. ಕೊಂಬೆಗಳ ಬಲೆ ಪೂರ್ತಿ ಕಾಣುತ್ತಿತ್ತು, ಕೆಳಗೆ ಸೈಕಲ್ ತಳ್ಳಿಕೊಂಡು ಹೋಗುವ ಹಾಲಿನ ಹುಡುಗ. ಅದೊಂದು ಸಿಕ್ಕಿತು.

ಎಂಟರ ಹೊತ್ತಿಗೆ ಆಟೊ ಹಿಡಿದು ತುಂಗೆ ಹತ್ತಿರ ಹೋದೆ. ಶಿವಮೊಗ್ಗದವರಿಗೆ ಹೊಳೆ ಅಂದರೆ ಮೊದಲು ನೆನಪಾಗುವುದು ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ. ಹೊಳೆ ಒಳಗೇ ನಿಂತಿರುವ ಕಲ್ಲಿನ ಮಂಟಪ ಅದು. ಮಳೆಗಾಲದಲ್ಲಿ ಊರಿಗೆ ಊರೇ ಕೇಳುವ ಪ್ರಶ್ನೆ, "ಮಂಟಪ ಮುಳುಗಿತಾ?" ಕ್ಯೂಸೆಕ್ ಲೆಕ್ಕ ಪೇಪರಿನವರಿಗೆ ಬಿಡಿ, ಊರಿನವರಿಗೆ ಮಂಟಪವೇ ಅಳತೆ. ಮುಳುಗಿದ ದಿನ ಜನ ಕೊಡೆ ಹಿಡಿದು ನೋಡುವುದಕ್ಕೆ ಹೋಗುತ್ತಾರೆ, ಆಗ ಫೋಟೊಗಳಿಗೆ ಬರವಿಲ್ಲ. ಡಿಸೆಂಬರಿನಲ್ಲಿ ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಮಂಟಪದ ಮೇಲೆ ನೀರುಕಾಗೆ ರೆಕ್ಕೆ ಹರಡಿಕೊಂಡು ಕೂತಿತ್ತು. ಕೆಳಗೆ ಬಂಡೆ ಮೇಲೆ ಬೆಳ್ಳಕ್ಕಿ. ಇಲ್ಲಿ ಲೆಕ್ಕ ಉಲ್ಟಾ. ಸುತ್ತ ನೀರು ಕಪ್ಪು, ಹಕ್ಕಿ ಬಿಳಿ. ಎಕ್ಸ್‌ಪೋಷರ್ ಇಳಿಸದಿದ್ದರೆ ಬೆಳ್ಳಕ್ಕಿಯ ಪುಕ್ಕ ಒಂದೂ ಕಾಣುವುದಿಲ್ಲ, ಬರೀ ಸುಣ್ಣದ ಕಲೆ. 35 ಎಂಎಂನಲ್ಲಿ ಹಕ್ಕಿ ಹೇಗೂ ಅಕ್ಕಿ ಕಾಳಷ್ಟೇ ಬರುತ್ತದೆ. ಹಾಗಾಗಿ ಹಕ್ಕಿ ಬಿಟ್ಟು, ಬಟ್ಟೆ ಒಗೆಯುವವರು, ಮಂಟಪ, ಹಿಂದೆ ಸೇತುವೆಯ ಮಸುಕು ಎಲ್ಲ ಸೇರಿಸಿ ತೆಗೆದೆ.

ಹತ್ತಿರದಲ್ಲೇ ಶಿವಪ್ಪ ನಾಯಕನ ಅರಮನೆ. ಮರದ ದಪ್ಪ ಕಂಬಗಳು, ಅಂಗಳದಲ್ಲಿ ವೀರಗಲ್ಲು, ಮಾಸ್ತಿಕಲ್ಲುಗಳ ಸಾಲು. 1645ರಿಂದ 1660ರವರೆಗೆ ಕೆಳದಿ ರಾಜ್ಯ ಆಳಿದ, ಜಮೀನಿನ ಕಂದಾಯಕ್ಕೆ ಶಿಸ್ತು ತಂದ ಶಿವಪ್ಪ ನಾಯಕನ ಹೆಸರಿನ ಮನೆ. ಒಳಗೆ ಚೆನ್ನಾಗಿದೆ. ನನಗೆ ಹಿಡಿಸಿದ್ದು ಮಾತ್ರ ವೀರಗಲ್ಲಿನ ನೆರಳಿನಲ್ಲಿ ಟಿಫಿನ್ ಬಾಕ್ಸ್ ಇಟ್ಟುಕೊಂಡು ಹುಲ್ಲು ಕೀಳುತ್ತಿದ್ದ ಮಾಲಿ.

ಭಾನುವಾರ

ಬೆಳಿಗ್ಗೆ ಅಕ್ಕನ ಮಕ್ಕಳು ಬಿಡಲಿಲ್ಲ, ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋದೆವು. ತೀರ್ಥಹಳ್ಳಿ ರಸ್ತೆಯಲ್ಲಿ 14 ಕಿಲೋಮೀಟರ್. ಗಾಜನೂರಿನ ಹಿನ್ನೀರಿನಲ್ಲಿ ಆನೆ ಸ್ನಾನ. ನೂರಾರು ಫೋನುಗಳು ಆನೆ ಕಡೆ. ಆನೆ ಚೆಂದವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಗದ್ದಲದಲ್ಲಿ ಹೊಸದೇನೂ ಕಾಣಲಿಲ್ಲ. ಆನೆಗೆ ತಿನ್ನಿಸುವುದಕ್ಕೆ ಒಣಹುಲ್ಲಿನಲ್ಲಿ ಭತ್ತ, ಬೆಲ್ಲ ಇಟ್ಟು ಸುತ್ತುವ ಕೈಗಳ ಒಂದು ಫೋಟೊ ತಗೊಂಡು ವಾಪಸ್.

ಸಂಜೆ ಗಾಂಧಿ ಪಾರ್ಕ್. ಭಾನುವಾರದ ಪಾರ್ಕ್ ಬೇರೆಯದೇ ಊರು. ಬೆಳಗಿನ ಮಂಕಿ ಕ್ಯಾಪ್‌ನವರು ಒಬ್ಬರೂ ಇಲ್ಲ. ಹೊಸ ಬಟ್ಟೆ ಹಾಕಿದ ಮಕ್ಕಳು, ಕೈಯಲ್ಲಿ ಪೀಪಿ, ಮಡಿಲಲ್ಲಿ ಮಗು ಮಲಗಿಸಿಕೊಂಡ ಅಜ್ಜಿಯರು. ಮರದ ಹಿಂದಿನ ಬೆಂಚುಗಳಲ್ಲಿ ಜೋಡಿಗಳು. ಆ ಕಡೆ ಕ್ಯಾಮೆರಾ ತಿರುಗಿಸುವುದೇ ಇಲ್ಲ. ಅವರಿಗೆ ಊರಲ್ಲಿ ಇರುವುದೇ ಅಷ್ಟು ಜಾಗ, ಅದನ್ನೂ ನಾವು ಕಿತ್ತುಕೊಂಡರೆ ಹೇಗೆ?

ಉಯ್ಯಾಲೆ ಹತ್ತಿರ ನಿಂತೆ. ಉಯ್ಯಾಲೆಯ ಮಗುವನ್ನು ಹಿಡಿಯುವುದಕ್ಕೆ ಒಂದು ಉಪಾಯ ಇದೆ. ತೀರಾ ಮುಂದೆ ಬಂದು ಇನ್ನೇನು ಹಿಂದೆ ಹೋಗಬೇಕು ಅನ್ನುವಾಗ ಅದು ಒಂದು ಕ್ಷಣ ನಿಲ್ಲುತ್ತದೆ. ಆಗ ಒತ್ತಿದರೆ ಸಂಜೆಯ ಮಂದ ಬೆಳಕಲ್ಲೂ ಅಲುಗಾಡದ ಫೋಟೊ ಬರುತ್ತದೆ. ಜಡೆ ಮಾತ್ರ ಹಾರುತ್ತಿರುತ್ತದೆ.

ಒಬ್ಬ ತಾಯಿ ಬಂದು, "ನನ್ನ ಮಗಳದು ತೆಗೆದ್ರಾ? ಬೇಡ ಮೇಡಂ, ಅಳಿಸಿ" ಅಂದರು. ಅವರ ಮುಂದೆಯೇ ಅಳಿಸಿದೆ. ಚೆನ್ನಾಗಿತ್ತು ಆ ಫೋಟೊ, ಇರಲಿ. ಪಕ್ಕದಲ್ಲಿದ್ದ ಇನ್ನೊಬ್ಬರು ತಮ್ಮ ಮಗನನ್ನು ಎತ್ತಿ ಉಯ್ಯಾಲೆ ಮೇಲೆ ಕೂರಿಸಿ, "ಇವಂದು ತೆಗೀರಿ, ವಾಟ್ಸಾಪ್ ಮಾಡಿ" ಅಂದರು.

ಹೊರಗೆ ಚುರುಮುರಿ ಗಾಡಿ. ಗಾಡಿಯವನ ಎಡಗೈ ಈರುಳ್ಳಿ ಹಿಡಿದಿದೆ, ಬಲಗೈಯ ಚಾಕು ಅದರ ಮೇಲೆ ಉದ್ದಕ್ಕೆ, ಅಡ್ಡಕ್ಕೆ ಗೀರಿ ಆಮೇಲೆ ಸವರುತ್ತದೆ. ಹಲಗೆ ಇಲ್ಲ, ಅಂಗೈಯೇ ಹಲಗೆ. ಸಣ್ಣ ಚೂರುಗಳು ನೇರ ಡಬ್ಬಕ್ಕೆ. ಮಂಡಕ್ಕಿ, ಟೊಮೆಟೊ, ಖಾರ, ಕೊಬ್ಬರಿ ಎಣ್ಣೆ, ಕೊನೆಗೆ ನಿಂಬೆಹುಳಿ. ಚಮಚದಿಂದ ಡಬ್ಬದ ಅಂಚಿಗೆ ಟಣ್ ಅಂತ ಒಂದು ಏಟು, ಅದು ಗಿರಾಕಿಗೆ ಮುಗೀತು ಅನ್ನುವ ಸೂಚನೆ. ಬಲ್ಬಿನ ಬೆಳಕು ಕೆಳಗಿನಿಂದ ಬಂದು ಅವನ ಗಲ್ಲದ ಮೇಲೆ ಬಿದ್ದಿತ್ತು. "ತಿಂದು ಆಮೇಲೆ ತೆಗೀರಿ, ಮೆತ್ತಗಾದ್ರೆ ನನ್ನ ಬೈಬೇಡಿ" ಅಂದ. ಸರಿ ಅಂತ ಮೊದಲು ತಿಂದೆ.

ಸೋಮವಾರ

ಭಾವ ಮತ್ತೆ ನಡೆಯುವುದಕ್ಕೆ ಬಂದರು. ಹಿರಿಯರ ಬೆಂಚಿನಲ್ಲಿ ಒಬ್ಬರು ಪೇಪರ್ ಗಟ್ಟಿಯಾಗಿ ಓದುತ್ತಾರೆ, ಉಳಿದವರು ಟೀಕೆ ಮಾಡುತ್ತಾರೆ. ಇವತ್ತು ಅಡಿಕೆ ಧಾರಣೆಗೆ ಬಂದಾಗ ಎಲ್ಲರೂ ಸುಮ್ಮನಾದರು. ರಾಜಕೀಯಕ್ಕೆ ಇಲ್ಲದ ಮೌನ 'ರಾಶಿ ಇಡಿ' ಅನ್ನುವ ಅಡಿಕೆಯ ರೇಟಿಗೆ ಇತ್ತು. ಆ ಮೌನವನ್ನೇ ತೆಗೆದೆ. ಈಗ ಯಾರೂ ಕೈ ಕಟ್ಟಲಿಲ್ಲ, ಕ್ಯಾಪೂ ತೆಗೆಯಲಿಲ್ಲ. ನಾನು ಅವರಿಗೆ ಹಳಬಳಾಗಿದ್ದೆ.

ವಾಪಸ್ ಬರುವಾಗ ಭಾವ ಮಾವಿನ ಮರದ ಕೆಳಗೆ ನಿಂತು, "ನೋಡಿಲ್ಲಿ, ಚಗಳಿ ಕೊಟ್ಟೆ" ಅಂದರು. ಹಸಿರೆಲೆಗಳನ್ನು ಸೇರಿಸಿ ಹೊಲಿದ ಗೂಡು. ಫೋನ್ ಹತ್ತಿರ ಹಿಡಿದು ನೋಡಿದೆ. ಎರಡು ಎಲೆಗಳ ಅಂಚಿನಲ್ಲಿ ಕೆಂಪು ಇರುವೆಗಳು ಸಾಲಾಗಿ ನಿಂತು, ಒಂದೆಲೆಯನ್ನು ಕಾಲಿನಿಂದ ಹಿಡಿದು ಇನ್ನೊಂದನ್ನು ಬಾಯಿಂದ ಎಳೆಯುತ್ತಿದ್ದವು. ಅಂಚುಗಳು ಕೂಡಿದ ಮೇಲೆ ಬೇರೆ ಇರುವೆಗಳು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿಕೊಂಡು ಬಂದು ಅತ್ತಿತ್ತ ಆಡಿಸುತ್ತವೆ. ಮರಿಹುಳು ಬಿಡುವ ರೇಷ್ಮೆ ಎಳೆಯೇ ಹೊಲಿಗೆ ದಾರ. ದೊಡ್ಡ ಇರುವೆಗೆ ಆ ನೂಲು ಬರುವುದಿಲ್ಲ.

"ಚಿಕ್ಕವನಿದ್ದಾಗ ಮರ ಹತ್ತಿ ಕೊಟ್ಟೆ ಕೊಯ್ದು ತರ್ತಿದ್ದೆವು. ಹುರಿದು, ಖಾರ, ಬೆಳ್ಳುಳ್ಳಿ ಹಾಕಿ ಚಟ್ನಿ. ಕಚ್ಚಿಸಿಕೊಂಡಿದ್ದು ಮಾತ್ರ ಲೆಕ್ಕ ಇಲ್ಲ."

ಹೇಳುತ್ತಿದ್ದ ಹಾಗೇ ಒಂದು ನನ್ನ ಮಣಿಕಟ್ಟು ಹಿಡಿಯಿತು. ಕಚ್ಚಿ ಅದರ ಮೇಲೆ ಹುಳಿ ಬೇರೆ ಬಿಡುತ್ತದೆ, ಉರಿ ಅಂದರೆ ಉರಿ. ಭಾವ ಮಂಡಿ ನೋವು ಮರೆತು ನಕ್ಕರು. ಆ ನಗುವಿನ ಫೋಟೊ ಅಕ್ಕನಿಗೆ ಎಲ್ಲಕ್ಕಿಂತ ಇಷ್ಟವಾಯಿತು.

ಮಂಗಳವಾರ

ಮಧ್ಯಾಹ್ನ ದುರ್ಗಿಗುಡಿ ಕಡೆ ಒಂದು ಸ್ಟುಡಿಯೊದಲ್ಲಿ ಪ್ರಿಂಟ್ ಹಾಕಿಸಿದೆ. ಹತ್ತಿರ ಹೋಗಿ ತೆಗೆದ ಮೇಲೆ ತೆಗೆಸಿಕೊಂಡವರ ಕೈಗೂ ಒಂದು ಸೇರಬೇಕು. ಫೋನಿಗೆ ಕಳಿಸಿದರೆ ಸಾಲದು, ಕಾಗದದ್ದೇ ಆಗಬೇಕು.

ಮಾಲೀಕರು ಹಳೇ ಕಾಲದವರು. ಹಸಿರು ಜಾಸ್ತಿ ಮಾಡಲಾ ಅಂತ ಕೇಳಿದರು. ಮಲೆನಾಡಿನ ಫೋಟೊ ಅಂದರೆ ಹಸಿರು ಕುದಿಯಬೇಕು ಅಂತ ಗಿರಾಕಿಗಳ ಹಟವಂತೆ. ಡಿಸೆಂಬರಿನ ಶಿವಮೊಗ್ಗದ ಎಲೆ ಮೇಲೆ ಧೂಳಿದೆ, ಧೂಳು ಇರಲಿ ಅಂದೆ. ನನ್ನ ಲೆನ್ಸ್ ಬೆಳಕಿಗೆ ಹಿಡಿದು ನೋಡಿ, "ಫಂಗಸ್ ಇಲ್ಲ, ಪರವಾಗಿಲ್ಲ" ಅಂದರು. ಇಲ್ಲಿ ಜೂನ್ ಬಂದರೆ ಲೆನ್ಸಿನ ಗಾಜಿನ ಮೇಲೂ ಬೂಷ್ಟು. ಬ್ಯಾಗಿನ ಸ್ಪಂಜು ತೇವ ಹಿಡಿದಿಡುತ್ತದೆ, ಹಾಗಾಗಿ ಮಳೆಗಾಲದಲ್ಲಿ ಬ್ಯಾಗಿನಲ್ಲಿ ಇಡಲೇಬಾರದು. ಗಾಳಿಯಾಡದ ಡಬ್ಬ, ಒಳಗೆ ಸಿಲಿಕಾ ಜೆಲ್, ವಾರಕ್ಕೊಂದು ಸಲ ತೆಗೆದು ಬೆಳಕು ತೋರಿಸುವುದು. ಮಲೆನಾಡಿಗೆ ಬಂದು ನೆಲೆಸುವ ಯೋಚನೆ ಇರುವವರು ಇದನ್ನು ನೆನಪಿಟ್ಟುಕೊಳ್ಳಿ.

ಬುಧವಾರ

ಬೆಳಿಗ್ಗೆ ಹಂಚಿದೆ. ಹಿರಿಯರು ಬಾಚಣಿಗೆಯ ಫೋಟೊ ಪಕ್ಕಕ್ಕಿಟ್ಟು ಕೈ ಕಟ್ಟಿದ ಫೋಟೊವನ್ನೇ ಮತ್ತೆ ಮತ್ತೆ ನೋಡಿದರು. ಗುಡಿಸುವ ಅಮ್ಮ ಹಾಳೆಯ ಫೋಟೊ ತಿರುಗಿಸಿ ಮುರುಗಿಸಿ ನೋಡಿದರು.

"ಬರೀ ಕೈ ಬಂದಿದೆಯಲ್ಲ ಅಕ್ಕ."

"ಮುಖ ಬೇಡ ಅಂದಿದ್ರಲ್ಲ ನೀವು."

"ಅದೂ ಹೌದು." ಫೋಟೊ ಮಡಚದೆ ಕವರಿನಲ್ಲಿಟ್ಟುಕೊಂಡರು. ಆಮೇಲೆ, "ನನ್ನ ಮಗಳಿಗೆ ಸ್ಕೂಲಲ್ಲಿ ಪಾಸ್‌ಪೋರ್ಟ್ ಸೈಜ್ ಕೇಳಿದಾರೆ. ಅದನ್ನೂ ನೀವೇ ತೆಗೀತೀರಾ? ಇಲ್ಲೇ ಇದಾಳೆ" ಅಂದರು.

ಮಗಳು ಯೂನಿಫಾರ್ಮ್ ಹಾಕ್ಕೊಂಡು, ಎರಡು ಜಡೆಗೆ ರಿಬ್ಬನ್ ಕಟ್ಟಿಕೊಂಡು ಗೇಟಿನ ಹತ್ತಿರ ತಯಾರಾಗಿಯೇ ನಿಂತಿದ್ದಳು. ಹಿನ್ನೆಲೆಗೆ ಬಿಳಿ ಬಟ್ಟೆ ಬೇಕು. ಭಾವ ಹೆಗಲ ಮೇಲಿನ ಬಿಳಿ ಟವೆಲ್ ಬಿಚ್ಚಿದರು. ಒಂದು ತುದಿ ಅವರು, ಇನ್ನೊಂದು ತುದಿ ಪೇಪರ್ ಓದುವ ಹಿರಿಯರು ಹಿಡಿದರು. ನೆರಳಿನಲ್ಲಿ ನಿಲ್ಲಿಸಿದೆ, ಬಿಸಿಲಿಗೆ ಕಣ್ಣು ಕಿರಿದಾಗಬಾರದಲ್ಲ. ಇಲ್ಲಿ ಮಾತ್ರ ಹತ್ತಿರ ಹೋಗುವ ಹಾಗಿಲ್ಲ. 35 ಎಂಎಂ ಮುಖದ ಹತ್ತಿರ ಹಿಡಿದರೆ ಮೂಗು ದೊಡ್ಡದು, ಕಿವಿ ಚಿಕ್ಕದು. ಹಿಂದೆ ಸರಿದು ತೆಗೆದು ಆಮೇಲೆ ಕತ್ತರಿಸಬೇಕು. ಹಿಂದೆ ಸರಿದರೆ ಟವೆಲಿನ ಆಚೆ ಭಾವನ ಹೊಟ್ಟೆ ಕಾಣುತ್ತಿತ್ತು, "ಭಾವ, ಸ್ವಲ್ಪ ಆಚೆ" ಅಂದೆ. ಹುಡುಗಿ ಕಿಸಕ್ಕನೆ ನಕ್ಕಳು. ನಕ್ಕದ್ದು ಒಂದು, ನಗದ್ದು ಒಂದು ತೆಗೆದೆ. ಶಾಲೆಗೆ ನಗದ್ದು.

"ಹಾಗೇ ನಂದೂ ಒಂದು ತೆಗೆದುಬಿಡಮ್ಮ, ಬ್ಯಾಂಕಲ್ಲಿ ಕೇಳ್ತಿದಾರೆ" ಅಂತ ಟವೆಲ್ ಹಿಡಿದಿದ್ದ ಹಿರಿಯರು ಅದನ್ನು ಇನ್ನೊಬ್ಬರ ಕೈಗೆ ಕೊಟ್ಟು ಮುಂದೆ ಬಂದರು. ಅವರ ಹಿಂದೆ ಇನ್ನೊಬ್ಬರು. ಬಾಚಣಿಗೆ ಮತ್ತೆ ಓಡಾಡತೊಡಗಿತು. ನನ್ನ ರೈಲು ರಾತ್ರಿಗೆ, ಅಷ್ಟರಲ್ಲಿ ಎಲ್ಲ ಪ್ರಿಂಟ್ ಆಗಬೇಕು. ಭಾವ ಬೆಂಚಿನಲ್ಲಿ ಕೂತು, ಹಳೇ ಪೇಪರಿನ ಅಂಚಿನ ಮೇಲೆ ಯಾರಿಗೆ ಎಂಟು ಕಾಪಿ, ಯಾರಿಗೆ ಹನ್ನೆರಡು ಅಂತ ಬರೆದುಕೊಳ್ಳುವುದಕ್ಕೆ ಶುರು ಮಾಡಿದರು.